ಕ್ಯಾಮೆರಾ ಜೊತೆ ಸದ್ದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಮಗಳ ಕಾಲೇಜಿನಲ್ಲಿ 5 ನಿಮಿಷದ ವಿಡಿಯೊ ಮಾಡಲು ಹೇಳಿದ್ದರು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲೇ ಶೂಟಿಂಗ್. ಚಿತ್ರ ಚೆನ್ನಾಗಿಯೇ ಬಂತು. ಕೇಳಲು ಕೂತರೆ ಲೋಕಲ್ ರೈಲು, ಫ್ಯಾನು, ಪಕ್ಕದ ಮನೆ ಕುಕ್ಕರಿನ ಸೀಟಿ! ಸದ್ದಿನ ಬಗ್ಗೆ ಮಕ್ಕಳಿಗೆ ಒಂದು ಪಾಠವೂ ಆಗಿರಲಿಲ್ಲ.

ಕೊನೆಗೆ ಅವಳೇ ಕಲಿತಳು. ಚಿತ್ರ ನೋಡುತ್ತಾ ಹೆಜ್ಜೆಯ, ಬಟ್ಟೆಯ ಸದ್ದನ್ನು ಬೇರೆಯಾಗಿ ಮಾಡಿ ಸೇರಿಸುವುದಕ್ಕೆ ಫೋಲಿ ಅಂತಾರೆ. ಹಾಲಿವುಡ್‌ನ ಜ್ಯಾಕ್ ಫೋಲಿಯಿಂದ ಬಂದ ಹೆಸರು. ಕೊನೆಯ ಲೋಕಲ್ ಹೋದ ಮೇಲೆ, ಫ್ಯಾನ್ ನಿಲ್ಲಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಬೆವರುತ್ತಾ ರೆಕಾರ್ಡ್ ಮಾಡಿದೆವು. ಮೊದಲು ಯಾರೂ ಮಾತಾಡದೆ ಖಾಲಿ ಕೋಣೆಯ ಸದ್ದೇ 30 ಸೆಕೆಂಡು. ಮಾತಿನ ನಡುವಿನ ಸಂದು ತುಂಬಲು ಅದು ಬೇಕಂತೆ. ಕಾದ ಎಣ್ಣೆಗೆ ನಾನು ಬಿಟ್ಟ ಸಂಡಿಗೆ ವಿಡಿಯೊದಲ್ಲಿ ಜೋರು ಮಳೆಯಾಯಿತು. (ಆ ಮಳೆಯನ್ನು ಆಮೇಲೆ ನಾವೇ ತಿಂದೆವು.)

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತ ರಸೂಲ್ ಪೂಕುಟ್ಟಿಯವರಿಗೆ 2009ರಲ್ಲಿ ಆಸ್ಕರ್ ಬಂದದ್ದು ಸದ್ದಿನ ಕೆಲಸಕ್ಕೇ. ಆದರೂ ಕಾಲೇಜಿನಲ್ಲಿ ಕ್ಯಾಮೆರಾಗೆ ಮಾತ್ರ ಮಣೆ. ಮುಂಬೈಯ ಕನ್ನಡ ಸಂಘಗಳಾದರೂ ನಾಟಕದ ಶಿಬಿರದಲ್ಲಿ ಒಂದು ಭಾನುವಾರ ಇದನ್ನೂ ಕಲಿಸಬಹುದು, ಅಲ್ವಾ? ಸಂಡಿಗೆ ನಾನು ತರುತ್ತೇನೆ.

— ಓದುಗಳೊಬ್ಬಳು, ಡೊಂಬಿವಲಿ