ಜಾನ್ಸನ್ ಪದಚ್ಯುತಿ: ತಪ್ಪು ಒಂದು, ಆರೋಪ ಮತ್ತೊಂದು

ಮಾನ್ಯ ಸಂಪಾದಕರೇ,

ಅಮೆರಿಕದ 17ನೇ ಅಧ್ಯಕ್ಷ ಆ್ಯಂಡ್ರೂ ಜಾನ್ಸನ್ ಅವರು 1868ರಲ್ಲಿ ಒಂದೇ ಮತದ ಅಂತರದಲ್ಲಿ ಪದಚ್ಯುತಿಯಿಂದ ಪಾರಾದದ್ದು ಒಳ್ಳೆಯದೇ ಆಯಿತು ಎಂದು ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದಾರೆ. ಆರೋಪಪಟ್ಟಿ ದುರ್ಬಲವಾಗಿತ್ತೆಂಬ ಅವರ ಮಾತು ಸರಿ. ಅಷ್ಟರಿಂದಲೇ ಜಾನ್ಸನ್ ಆ ಹುದ್ದೆಯಲ್ಲಿ ಮುಂದುವರಿಯಲು ಅರ್ಹರಾಗಿದ್ದರೆಂಬ ತೀರ್ಮಾನವನ್ನು ನಾನು ಒಪ್ಪಲಾರೆ.

ಸೆನೆಟ್ಟಿನ ಒಪ್ಪಿಗೆ ಪಡೆದು ನೇಮಿಸಿದವರನ್ನು ಸೆನೆಟ್ಟಿನ ಒಪ್ಪಿಗೆಯಿಲ್ಲದೆ ತೆಗೆಯಕೂಡದೆಂಬ ಕಾಯ್ದೆಯನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ 1867ರಲ್ಲಿ ಜಾನ್ಸನ್ ಅವರ ವೀಟೊವನ್ನು ಮೀರಿ ತಂದಿತ್ತು. ಮರುವರ್ಷದ ಫೆಬ್ರುವರಿ 21ರಂದು ಅವರು ಯುದ್ಧ ಸಚಿವ ಎಡ್ವಿನ್ ಸ್ಟ್ಯಾಂಟನ್ ಅವರನ್ನು ವಜಾ ಮಾಡಿದಾಗ, ಸ್ಟ್ಯಾಂಟನ್ ಕಚೇರಿಯ ಬಾಗಿಲು ಹಾಕಿಕೊಂಡು ಒಳಗೇ ಬೀಡುಬಿಟ್ಟರು. ಮೂರೇ ದಿನದಲ್ಲಿ ಕೆಳಮನೆಯು 126–47 ಮತಗಳಿಂದ ಅಧ್ಯಕ್ಷರ ಮೇಲೆ ದೋಷಾರೋಪ ಹೊರಿಸಿತು. ಆದರೆ ಸ್ಟ್ಯಾಂಟನ್ ಅವರನ್ನು ನೇಮಿಸಿದವರು ಹಿಂದಿನ ಅಧ್ಯಕ್ಷ ಲಿಂಕನ್. ಸಚಿವರಿಗೆ ಇದ್ದ ರಕ್ಷಣೆಯೂ ಅವರನ್ನು ನೇಮಿಸಿದ ಅಧ್ಯಕ್ಷರ ಅವಧಿಗೇ ಸೀಮಿತವೆಂಬಂತೆ ಕಾಯ್ದೆಯಲ್ಲಿದ್ದುದರಿಂದ ಪ್ರಕರಣ ಬುಡದಲ್ಲೇ ಅಲುಗಾಡುತ್ತಿತ್ತು. 1887ರಲ್ಲಿ ಆ ಕಾಯ್ದೆಯೇ ರದ್ದಾಯಿತು. ಅಂಥ ಕಾಯ್ದೆ ಸಂವಿಧಾನಬಾಹಿರವಾಗಿತ್ತೆಂದು 1926ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನಿಜವಾದ ಅಪರಾಧ ನಡೆದದ್ದು ಅದಕ್ಕಿಂತ ಮೊದಲೇ. ಅಂತರ್ಯುದ್ಧದ ಕೊನೆಯ ದಿನಗಳಲ್ಲಿ, 1865ರ ಜನವರಿಯಲ್ಲಿ, ಒಕ್ಕೂಟ ಸೇನೆಯ ಜನರಲ್ ಶರ್ಮನ್ ಹೊರಡಿಸಿದ ಆದೇಶದಂತೆ ದಕ್ಷಿಣ ಕ್ಯಾರೊಲಿನಾ, ಜಾರ್ಜಿಯಾಗಳ ಕರಾವಳಿಯಲ್ಲಿ ಬಿಡುಗಡೆ ಹೊಂದಿದ ಗುಲಾಮ ಕುಟುಂಬಗಳು ತಲಾ 40 ಎಕರೆಗೆ ಮೀರದಂತೆ ಜಮೀನು ಪಡೆದು ಉಳುತ್ತಿದ್ದವು. ಜಾನ್ಸನ್ ದಂಗೆಕೋರ ಭೂಮಾಲೀಕರಿಗೆ ಕ್ಷಮಾದಾನ ಕೊಟ್ಟು, ಆ ಜಮೀನನ್ನೂ ಅವರಿಗೇ ಹಿಂದಿರುಗಿಸಿದರು. ಎಡಿಸ್ಟೊ ದ್ವೀಪದ ಚರ್ಚಿನಲ್ಲಿ ಕಿಕ್ಕಿರಿದು ನೆರೆದಿದ್ದ ಕಪ್ಪು ರೈತರಿಗೆ ಇದನ್ನು ಹೇಳುವ ಕೆಲಸ, ಬಿಡುಗಡೆ ಹೊಂದಿದ ಗುಲಾಮರ ನೆರವಿನ ಇಲಾಖೆಯ ಮುಖ್ಯಸ್ಥ ಜನರಲ್ ಹೋವರ್ಡ್ ಅವರ ತಲೆಗೆ ಬಂತು. ಆ ರೈತರು ಸಮಿತಿ ಮಾಡಿಕೊಂಡು ಅಧ್ಯಕ್ಷರಿಗೇ ಮನವಿ ಬರೆದರೂ ಜಮೀನು ಅವರ ಕೈಗೆ ಉಳಿಯಲಿಲ್ಲ. ಉಳುವವನ ಕಾಲಡಿಯ ನೆಲ ಒಡೆಯನ ಒಂದು ಮಾತಿಗೆ ಕೈತಪ್ಪುವುದೆಂದರೆ ಏನೆಂದು, 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದ ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ 1865ರಲ್ಲಿ ಮಿಸಿಸಿಪ್ಪಿಯು, ಕಪ್ಪು ಜನ ಪ್ರತಿ ಜನವರಿಯಲ್ಲಿ ಕೆಲಸದ ಲಿಖಿತ ದಾಖಲೆ ತೋರಿಸಬೇಕು, ಒಪ್ಪಂದದ ನಡುವೆ ಕೆಲಸ ಬಿಟ್ಟವರು ಆ ವರ್ಷದ ಕೂಲಿ ಕಳೆದುಕೊಳ್ಳಬೇಕು ಎಂದು ಕಾನೂನು ಮಾಡಿತು. ಇಷ್ಟಾದ ಮೇಲೂ 1866ರಲ್ಲಿ ನಾಗರಿಕ ಹಕ್ಕುಗಳ ಮಸೂದೆ ಮುಂದೆ ಬಂದಾಗ ಜಾನ್ಸನ್ ಅದಕ್ಕೆ ವೀಟೊ ಹಾಕಿದರು. ಇವೆಲ್ಲ 11 ಆರೋಪಗಳಲ್ಲಿ ಎಲ್ಲಿವೆ? ಸೋತ ದಕ್ಷಿಣದ ರಾಜ್ಯಗಳ ಆಡಳಿತವನ್ನು ಮತ್ತೆ ಕಟ್ಟುವ ಪುನರ್ನಿರ್ಮಾಣ ಕಾಯ್ದೆಯ ಜಾರಿಗೆ ಅಡ್ಡಿಪಡಿಸಿದ ಸಂಗತಿ ಕೊನೆಯ ಆರೋಪದಲ್ಲಿ ಹತ್ತರ ಜೊತೆ ಹನ್ನೊಂದು ಎಂಬಂತೆ ಸೇರಿಕೊಂಡಿದೆ, ಅಷ್ಟೆ.

ಇದು ಕೇವಲ ರಾಜಕೀಯ ಭಿನ್ನಾಭಿಪ್ರಾಯ, ಇದಕ್ಕಾಗಿ ಅಧ್ಯಕ್ಷರನ್ನು ತೆಗೆಯುವುದಾದರೆ ಪದಚ್ಯುತಿಗೂ ಅವಿಶ್ವಾಸ ನಿರ್ಣಯಕ್ಕೂ ವ್ಯತ್ಯಾಸವೇನು ಎಂದು ಪತ್ರಲೇಖಕರು ಕೇಳಬಹುದು. ನಮ್ಮ ಪಂಚಾಯಿತಿಗಳಲ್ಲಿ ಸದಸ್ಯರನ್ನು ಜೀಪಿಗೆ ಹತ್ತಿಸಿ ಘಟ್ಟದ ಕೆಳಗಿನ ಲಾಡ್ಜುಗಳಲ್ಲಿಟ್ಟು, ಮತದಾನದ ಬೆಳಿಗ್ಗೆ ಕರೆತರುವ ಅವಿಶ್ವಾಸದ ಆಟವನ್ನು ನೋಡಿದವರಿಗೆ ಆ ಭಯ ಸಹಜವೇ. ಆದರೆ ರಕ್ಷಣೆ ಕೋರಿದ ಪ್ರಜೆಗಳನ್ನು ಹಿಂದಿನ ಯಜಮಾನರ ಕೈಗೇ ಒಪ್ಪಿಸುವುದನ್ನು ಭಿನ್ನಾಭಿಪ್ರಾಯವೆನ್ನಲು ನನಗೆ ನಾಲಿಗೆ ಬಾರದು. ನಮ್ಮ ರಾಷ್ಟ್ರಪತಿಯವರ ಪದಚ್ಯುತಿಗೆ 61ನೇ ವಿಧಿ ಹೇಳುವ ಏಕೈಕ ಕಾರಣವೂ ಸಂವಿಧಾನದ ಉಲ್ಲಂಘನೆಯೇ. ದಂಡ ಸಂಹಿತೆಯ ಯಾವುದೋ ಕಲಮಿಗೆ ಅದು ಹೊಂದಬೇಕೆಂದು ಅಲ್ಲೆಲ್ಲೂ ಬರೆದಿಲ್ಲ.

ಮೇ 16ರಂದು ಸೆನೆಟ್ಟಿನಲ್ಲಿ ಬಿದ್ದ ಮತಗಳು 35–19, ಪದಚ್ಯುತಿಗೆ ಬೇಕಿದ್ದದ್ದು ಮೂರನೇ ಎರಡರಷ್ಟು, ಅಂದರೆ 36. ಸ್ವಂತ ಪಕ್ಷವನ್ನು ಎದುರಿಸಿ ಜಾನ್ಸನ್ ಪರ ನಿಂತ ಏಳು ರಿಪಬ್ಲಿಕನ್ನರನ್ನು ದ್ರೋಹಿಗಳೆಂದು ನಾನು ಕರೆಯಲಾರೆ, ಏಕೆಂದರೆ ಅವರ ಮುಂದಿದ್ದದ್ದು ಸ್ಟ್ಯಾಂಟನ್ ಪ್ರಕರಣ. (ಪದಚ್ಯುತಿಯಾದರೆ ತಾವೇ ಅಧ್ಯಕ್ಷರಾಗಲಿದ್ದ ಸೆನೆಟ್ಟಿನ ಹಂಗಾಮಿ ಸಭಾಪತಿ ಬೆಂಜಮಿನ್ ವೇಡ್, ದೋಷಿ ಎಂದು ಮತ ಹಾಕಲು ಎದ್ದು ನಿಂತದ್ದು ಆ ಸಭೆಯ ಮರ್ಯಾದೆಯನ್ನೇನೂ ಹೆಚ್ಚಿಸಲಿಲ್ಲ.) ಎಡಿಸ್ಟೊ ರೈತರ ಮನವಿಯನ್ನೇ ಮೊದಲ ಆರೋಪವಾಗಿಸಿದ್ದರೆ ಆ ಏಳು ರಿಪಬ್ಲಿಕನ್ನರಲ್ಲಿ ಎಷ್ಟು ಮಂದಿ ಬದಲಾಗುತ್ತಿದ್ದರೋ ಹೇಳಲಾಗದು; ನಾನಂತೂ ತೆಗೆಯಬೇಕೆಂದೇ ಮತ ಹಾಕುತ್ತಿದ್ದೆ.

– ನಿವೃತ್ತ ಇತಿಹಾಸ ಉಪನ್ಯಾಸಕ, ಸಾಗರ