ಹನ್ನೊಂದನೆಯ ಅಂಶ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ದೊಡ್ಡಪ್ಪನ ಮೊಣಕಾಲು, ಈ ಸಲದ ಅಡಿಕೆ ದರ, ಹೆಂಚಿನ ಮೇಲೆ ಮಂಗಗಳ ಕಾಟ ಇವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಬಿಡುತ್ತೇನೆ. ನಿನ್ನ ಪತ್ರವೂ ಅದರ ಜೊತೆ ಮಡಚಿಟ್ಟ ಶಾಲೆಯ ವಾರ್ಷಿಕ ವರದಿಯ ಕರಡೂ ಸೋಮವಾರ ಕೈಸೇರಿದವು. ತಿದ್ದಿ ಕಳುಹಿಸು ಎಂದಿದ್ದೀಯ. ಕೆಂಪು ಪೆನ್ನು ಹುಡುಕಿಕೊಂಡು ಕುಳಿತೆ. ಆದರೆ ಪತ್ರದ ಕೊನೆಗೆ, ಸಹಿಯ ಮೇಲೆ ಉಳಿದಿದ್ದ ಇಕ್ಕಟ್ಟಿನಲ್ಲಿ ನೀನು ತುರುಕಿದ ಸಾಲು ಕಣ್ಣಿಗೆ ಬಿದ್ದಮೇಲೆ ವರದಿ ಓದುವ ಮನಸ್ಸೇ ಹೋಯಿತು. ‘ಗೆದ್ದವರೆಲ್ಲ ಟಿ.ಸಿ. ತೆಗೆದುಕೊಂಡು ಹೊರಟುಹೋಗುತ್ತಾರೆ ದೊಡ್ಡಮ್ಮ. ಮುಂದಿನ ವರ್ಷ ನವೋದಯ ವಸತಿ ಶಾಲೆಯ ಪರೀಕ್ಷೆಗೆ ಅರ್ಜಿ ತುಂಬಿಸಬೇಕೋ ಬೇಡವೋ ಎಂದೇ ತಿಳಿಯುತ್ತಿಲ್ಲ.’

ದಣಿದಾಗ ಬರೆದ ಮಾತಿರಬಹುದು. ಮಾರ್ಚ್ ತಿಂಗಳ ಕೊನೆಯಲ್ಲಿ ಯಾವ ಟೀಚರೂ ತನ್ನ ಮನಸ್ಸಿನ ಸ್ಥಿಮಿತದಲ್ಲಿ ಇರುವುದಿಲ್ಲ. ಮೌಲ್ಯಮಾಪನ, ಅಂಕಗಳನ್ನು ಕಂಪ್ಯೂಟರಿಗೆ ಏರಿಸುವುದು, ಬಿಸಿಯೂಟದ ಲೆಕ್ಕ, ಏಪ್ರಿಲ್ 10ರ ಫಲಿತಾಂಶದ ತಯಾರಿ, ಏಳನೆಯವರ ಬೀಳ್ಕೊಡುಗೆ, ಇದರ ನಡುವೆ ಶಾಮಿಯಾನದವನ ಮುಂಗಡ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ‘ಬೇಡವೋ’ ಎಂಬ ಆ ಮಾತನ್ನು ನೀನು ಬರೆದೆಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ.

ಆಮೇಲೆ ವರದಿಯನ್ನು ಓದಿದೆ. ನಿನ್ನ ಶಾಲೆಯ ಹುಡುಗನೊಬ್ಬ ಗಾಜನೂರಿನ ಜವಾಹರ ನವೋದಯ ವಿದ್ಯಾಲಯಕ್ಕೆ ಆಯ್ಕೆಯಾಗಿದ್ದಾನೆ. ಆ ಸುದ್ದಿ ನಿನ್ನ ವರದಿಯಲ್ಲಿ ಹನ್ನೊಂದನೆಯ ಅಂಶ. ಅದಕ್ಕಿಂತ ಮೊದಲು ದಾನಿಗಳು ಕೊಟ್ಟ ತಟ್ಟೆ ಲೋಟ ಬಂದಿವೆ, ಕಾಂಪೌಂಡಿಗೆ ಹೊಡೆಸಿದ ಸುಣ್ಣ ಬಂದಿದೆ, ಕೈತೊಳೆಯುವ ತೊಟ್ಟಿಯ ನಲ್ಲಿ ರಿಪೇರಿಯಾದದ್ದೂ ಬಂದಿದೆ. ನಲ್ಲಿಯ ನಂತರ ಹುಡುಗ! ಅದೂ ಒಂದೇ ಸಾಲು, ಹೆಸರಿನ ಮುಂದೆ ಅವನ ತಂದೆಯ ಹೆಸರೂ ಇಲ್ಲ. ಇದನ್ನು ನೀನು ಬೇಕೆಂದೇ ಮಾಡಿದ್ದಲ್ಲ, ಗೊತ್ತು. ಆದರೆ ಭಯ ಇದ್ದಾಗ ಕೈ ಹಾಗೆಯೇ ಬರೆಯುತ್ತದೆ. ಅಪಶಕುನದ ಸುದ್ದಿಯನ್ನು ಹೇಳುವವರು ಮೊದಲು ಮಳೆ ಬೆಳೆ ವಿಚಾರಿಸುವುದಿಲ್ಲವೇ, ಹಾಗಾಗಿದೆ ನಿನ್ನ ವರದಿ.

ನಿಮ್ಮ ಶಾಲೆಯ ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಸಭೆಯಲ್ಲಿ, ‘ಟೀಚರು ಚೆನ್ನಾಗಿ ಕಲಿಸಿದಷ್ಟೂ ಶಾಲೆ ಬೇಗ ಖಾಲಿ’ ಎಂದು ನಕ್ಕರಂತೆ. ಎಲ್ಲರೂ ನಕ್ಕರಂತೆ, ನೀನೂ ನಕ್ಕೆಯಂತೆ. ಆ ಮನುಷ್ಯ ಕೆಟ್ಟವರೇನಲ್ಲ, ತಮ್ಮ ಊರಿನ ಶಾಲೆ ಮುಚ್ಚಿಹೋದೀತೆಂಬ ಅಂಜಿಕೆ ಅವರಿಗೂ ಇದೆ. ಆದರೆ ಅವರ ಮೊಮ್ಮಕ್ಕಳು ಹಳದಿ ವ್ಯಾನು ಹತ್ತಿ ಪೇಟೆಯ ಶಾಲೆಗೆ ಹೋಗುವುದನ್ನು ನೀನೇ ಹಿಂದೊಮ್ಮೆ ಬರೆದಿದ್ದೆ. ಆಗ ಯಾರೂ ನಗಲಿಲ್ಲವಲ್ಲ?

ಲೆಕ್ಕಕ್ಕೆ ಕುಳಿತರೆ ನಿನ್ನ ಭಯಕ್ಕೆ ಆಧಾರ ಸಿಗುವುದಿಲ್ಲ. ಹೇಳಿಬಿಡುತ್ತೇನೆ, ಲೆಕ್ಕದಿಂದ ಭಯ ಹೋಗುವುದಿಲ್ಲ ಎಂಬುದು ಗೊತ್ತಿದ್ದೂ. ಒಂದು ನವೋದಯದಲ್ಲಿ ಆರನೆಯ ತರಗತಿಗೆ ಇರುವುದೇ 80 ಸೀಟು, ಅದು ಇಡೀ ಜಿಲ್ಲೆಗೆ. ಅದರಲ್ಲಿ ಕನಿಷ್ಠ ನೂರಕ್ಕೆ 75 ಭಾಗ ಹಳ್ಳಿಯ ಮಕ್ಕಳಿಗೆ ಎಂದಿದ್ದರೂ ಒಂದು ಮಲೆನಾಡಿನ ಶಾಲೆಯಿಂದ ಒಬ್ಬ ಹೋಗುವುದೇ ಎಷ್ಟೋ ವರ್ಷಕ್ಕೊಮ್ಮೆ. ಮೊರಾರ್ಜಿ ವಸತಿ ಶಾಲೆಗೆ, ಆದರ್ಶ ವಿದ್ಯಾಲಯಕ್ಕೆ ಇನ್ನೊಂದಿಬ್ಬರು ಎಂದಿಟ್ಟುಕೊ. ಇವರೆಲ್ಲ ಐದನೆಯದನ್ನು ಮುಗಿಸಿ ಹೋಗುವವರು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದರಿಂದ ಐದರವರೆಗೆ 60 ಮಕ್ಕಳವರೆಗೂ ಇಬ್ಬರು, 61 ಆದರೆ ಮೂವರು ಶಿಕ್ಷಕರು ಎಂದಿದೆಯಲ್ಲ, ಆ ಲೆಕ್ಕಕ್ಕೆ ಈ ಹುಡುಗ ಹೇಗೂ ಸೇರುವುದಿಲ್ಲ. ಜೂನ್‌ನಲ್ಲಿ ಅವನು ನಿನ್ನ ಬಳಿಯೇ ಉಳಿದಿದ್ದರೂ ಕೂರುತ್ತಿದ್ದದ್ದು ಆರನೆಯ ತರಗತಿಯಲ್ಲಿ. ನಿನ್ನ ಶಾಲೆಯನ್ನು ಬರಿದು ಮಾಡುತ್ತಿರುವುದು ಒಂದನೆಯ ತರಗತಿಯ ಖಾಲಿ ಮಣೆಗಳು. ಊರಿನಲ್ಲಿ ಹರೆಯದ ಗಂಡ ಹೆಂಡತಿ ಎಷ್ಟು ಜನ ಉಳಿದಿದ್ದಾರೆ? ಇದ್ದವರೆಲ್ಲ ಬೆಂಗಳೂರು. ಹಬ್ಬಕ್ಕೆ ಬರುವ ಮಕ್ಕಳನ್ನು ಹಾಜರಿ ಪುಸ್ತಕಕ್ಕೆ ಬರೆದುಕೊಳ್ಳಲು ಆಗುವುದಿಲ್ಲ.

ಆದರೂ ನೀನು ಹೆದರುವುದು ಸುಳ್ಳಲ್ಲ. ಒಬ್ಬ ಜಾಣ ಹುಡುಗ ಎದ್ದುಹೋದರೆ ತರಗತಿಯ ಸದ್ದೇ ಬದಲಾಗುತ್ತದೆ, ಪ್ರಶ್ನೆ ಕೇಳಿದಾಗ ಮೊದಲು ಏಳುತ್ತಿದ್ದ ಕೈ ಇರುವುದಿಲ್ಲ. ಉಳಿದವರು ಸ್ವಲ್ಪ ದಿನ ಮಂಕಾಗುತ್ತಾರೆ. ಮುಂದೆ ಸಂಖ್ಯೆ ಇಳಿದು ನಿನ್ನ ಹೆಸರು ಹೆಚ್ಚುವರಿ ಶಿಕ್ಷಕರ ಪಟ್ಟಿಗೆ ಬಂದರೆ ಆ ಊರು ಬಿಡಬೇಕಾದೀತು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಶಾಲೆ ಖಾಲಿಯಾಗುವುದನ್ನು ನಾನು ಕಂಡಿದ್ದೇನೆ ಪುಟ್ಟಿ. ಮುಳುಗಡೆಯ ಕಥೆಯನ್ನು ಅಜ್ಜನ ಬಾಯಿಂದ ಕೇಳಿ ಕೇಳಿ ನಿನಗೆ ಸಾಕಾಗಿದೆ. ಮನೆ, ತೋಟ, ದೇವಸ್ಥಾನ, ದನಕರು ಎಲ್ಲ ಅದರಲ್ಲಿತ್ತು. ಶಾಲೆಯ ಮಾತನ್ನು ಮಾತ್ರ ಅಜ್ಜ ಹೇಳಿರಲಾರರು, ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದಕ್ಕೆ ಸ್ವಲ್ಪ ಮೊದಲಿನ ಬೇಸಿಗೆಯಲ್ಲಿ ನಮ್ಮ ಶಾಲೆಯ ಕೊನೆಯ ವಾರ್ಷಿಕೋತ್ಸವ. ಮಾಸ್ತರರು ಪ್ರತಿ ವರ್ಷದ ಹಾಗೆಯೇ ಕೋಟು ತೊಟ್ಟು ಬಂದರು, ಪೆಟ್ರೋಮ್ಯಾಕ್ಸಿನ ಬೆಳಕಿನಲ್ಲಿ ವರದಿ ಓದಿದರು. ದಾಖಲಾತಿ ಎಷ್ಟು, ಹಾಜರಾತಿ ಎಷ್ಟು, ಮಗ್ಗಿಯಲ್ಲಿ ಯಾರು ಮೊದಲು, ಹಗ್ಗದಾಟದಲ್ಲಿ ಯಾರು. ನನಗೆ ಶುದ್ಧಬರಹಕ್ಕೆ ಬಹುಮಾನ, ಒಂದು ಮರದ ಅಳತೆಪಟ್ಟಿ. ಕೆಳಗೆ ಕುಳಿತ ದೊಡ್ಡವರಿಗೆಲ್ಲ ಯಾವ ಮನೆ ಎಲ್ಲಿಗೆ ಎತ್ತಂಗಡಿಯಾಗುತ್ತದೆ ಎಂಬ ಚಿಂತೆ, ಆದರೂ ಪ್ರತಿ ಹೆಸರಿಗೂ ಚಪ್ಪಾಳೆ ಬಿತ್ತು. ‘ಮುಂದಿನ ವರ್ಷದ ಯೋಜನೆಗಳು’ ಎಂಬುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವರು ಓದಿದರು ಎಂದು ದೊಡ್ಡವರು ಆಮೇಲೆ ಹೇಳುತ್ತಿದ್ದರು. ಮರುವಾರ ಎಲ್ಲ ಮಕ್ಕಳ ಟಿ.ಸಿ. ಬರೆದರು. ಅಕ್ಷರ ಎಂದರೆ ಅಕ್ಷರ, ಮುದ್ರಿಸಿದ ಹಾಗಿತ್ತು.

ಆ ಶಾಲೆಯನ್ನು ಖಾಲಿ ಮಾಡಿದ್ದು ನೀರು. ಮಗ್ಗಿ ಬಾಯಿಪಾಠ ಬಂದ ಮಕ್ಕಳಲ್ಲ. ಇಷ್ಟನ್ನು ಹೇಳಲು ಅಷ್ಟು ದೂರ ಹೋದೆ. ವಯಸ್ಸಾದವರ ಪತ್ರ ಹೀಗೆಯೇ.

ಇನ್ನೊಂದು ಇದೆ. ಅದನ್ನು ಬರೆಯಬೇಕೆಂದೇ ಕುಳಿತದ್ದು, ಸುತ್ತು ಹಾಕುತ್ತಿದ್ದೇನೆ.

ನಾನು ಸೊರಬದ ಕಡೆ ಸಹಶಿಕ್ಷಕಿಯಾಗಿದ್ದಾಗಿನ ಮಾತು. 1986ರಲ್ಲಿ ನವೋದಯ ಎಂಬ ಹೆಸರು ಮೊದಲು ಕೇಳಿ, ಅದೇನೆಂದು ಹಳ್ಳಿಗಳಿಗೆ ನಿಧಾನವಾಗಿ ತಿಳಿಯುತ್ತಿದ್ದ ಕಾಲ. ನಮ್ಮ ಶಾಲೆಯ ಹುಡುಗಿಯೊಬ್ಬಳು ಆಯ್ಕೆಯಾದಳು. ಕೂಲಿಯವರ ಮಗಳು, ಲೆಕ್ಕದಲ್ಲಿ ನನ್ನನ್ನೇ ಮೀರಿಸುವವಳು. ಅವರಪ್ಪ ಖಂಡಿತ ಆಗುವುದಿಲ್ಲ ಎಂದ. ಹೆಣ್ಣುಮಗುವನ್ನು ಅಷ್ಟು ದೂರ, ಅದೂ ಹಾಸ್ಟೆಲಿನಲ್ಲಿ. ನಾನು ಅವರ ಮನೆಯ ಜಗಲಿಯಲ್ಲಿ ಕುಳಿತು ಹೇಳಿನೋಡಿದೆ. ಊಟ, ಬಟ್ಟೆ, ಪುಸ್ತಕ, ಎಲ್ಲ ಸರ್ಕಾರದ್ದೇ ಎಂದೆ. ಅವನು ಬೀಡಿ ಹಚ್ಚಿಕೊಂಡು ಎದ್ದುಹೋದ. ವಾಪಸ್ ಬಂದು ಹೇಳಿದಾಗ ಹೆಡ್ ಮಾಸ್ತರರು, ‘ಹೋಗಲಿ ಬಿಡಿ ಮೇಡಂ, ನಮ್ಮ ಆರನೆಯ ತರಗತಿಗೊಂದು ಕಳೆ ಉಳಿಯಿತು’ ಎಂದರು. ನನಗೂ ಒಳಗೊಳಗೆ ಸಮಾಧಾನವಾಯಿತು. ಇನ್ನೆರಡು ವರ್ಷ ಆ ಹುಡುಗಿ ನನ್ನ ಎದುರಿಗೇ ಇರುತ್ತಾಳೆ ಎಂದು.

ಇದ್ದಳು. ಪ್ರತಿ ವಾರ್ಷಿಕೋತ್ಸವದಲ್ಲೂ ಲೆಕ್ಕಕ್ಕೆ ಅವಳಿಗೇ ಬಹುಮಾನ. ಏಳನೆಯದರ ನಂತರ ಪ್ರೌಢಶಾಲೆ ದೂರ, ಮಳೆಗಾಲದಲ್ಲಿ ದಾರಿಯಿಲ್ಲ, ಅಲ್ಲಿಗೆ ನಿಂತಿತು. ಅವಳೇನೂ ಹಾಳಾಗಿಲ್ಲ, ನೀನು ಬೇರೆ ಏನೋ ಊಹಿಸಬೇಡ. ಈಗ ಅಡಿಕೆ ಸುಲಿಯುವ ಹೆಂಗಸರ ಒಂದು ಗುಂಪು ಕಟ್ಟಿಕೊಂಡಿದ್ದಾಳೆ. ಯಾರು ಎಷ್ಟು ಡಬ್ಬ ಸುಲಿದರು, ಯಾರಿಗೆ ಎಷ್ಟು ಕೂಲಿ, ಎಲ್ಲ ಬಾಯಲ್ಲೇ. ಮಂಡಿಯ ಗುಮಾಸ್ತ ಕ್ಯಾಲ್ಕುಲೇಟರ್ ಒತ್ತುವುದರೊಳಗೆ ಇವಳ ಉತ್ತರ ಬಂದಿರುತ್ತದೆ. ಕಳೆದ ವರ್ಷ ಸಂತೆಯಲ್ಲಿ ಸಿಕ್ಕಿದವಳು ಕಾಲು ಮುಟ್ಟಿ ನಮಸ್ಕರಿಸಿ, ‘ಅಕ್ಕೋರೇ, ಆ ಗಾಜನೂರು ಶಾಲೆ ಹೆಂಗಿದೆ, ನೀವು ನೋಡಿದ್ದೀರಾ?’ ಎಂದು ಕೇಳಿದಳು. ನಾನು ನೋಡಿರಲಿಲ್ಲ. ಶಿವಮೊಗ್ಗಕ್ಕೆ ಎಷ್ಟು ಸಲ ಹೋಗಿಬಂದೆನೋ, ಅಲ್ಲಿಂದ ತೀರ್ಥಹಳ್ಳಿ ಬಸ್ ಹತ್ತಿದರೆ ತುಂಗಾ ಅಣೆಕಟ್ಟಿನ ಹತ್ತಿರವೇ ಇದೆ, ಒಮ್ಮೆಯೂ ಇಳಿಯಲಿಲ್ಲ.

ಅವಳ ಅಪ್ಪ ಒಪ್ಪದಿದ್ದುದಕ್ಕೆ ನನಗೆ ವ್ಯಥೆಯಿಲ್ಲ, ಅದು ನನ್ನ ಕೈಯಲ್ಲಿರಲಿಲ್ಲ. ಆ ದಿನ ನನಗಾದ ಸಮಾಧಾನ ಇದೆಯಲ್ಲ, ಅದು ಇಂದಿಗೂ ಚುಚ್ಚುತ್ತದೆ. ನಿನ್ನ ‘ಬೇಡವೋ’ ಓದಿದಾಗ ಅದೇ ನೆನಪಾಯಿತು.

ಅರ್ಜಿ ತುಂಬಿಸದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಅದೇ ಅದರ ಅಪಾಯ. ಎಷ್ಟೋ ತಂದೆ ತಾಯಿಗೆ ಅಂಥ ಪರೀಕ್ಷೆ ಇದೆಯೆಂಬುದೇ ಟೀಚರ್ ಹೇಳಿದರೆ ಗೊತ್ತು. ಅರ್ಜಿಯ ಜೊತೆಗೆ ಮುಖ್ಯಶಿಕ್ಷಕರ ಸಹಿಯಿರುವ ದೃಢೀಕರಣ ಬೇಕು, ಆ ಸಹಿ ಈಗ ನಿನ್ನದು. ಸುಮ್ಮನೆ ದಿನಾಂಕ ದಾಟಲು ಬಿಟ್ಟರೆ ಸಾಕು, ಮುಗಿಯಿತು. ಒಂದು ಮಗುವಿಗೆ ಆ ಪರೀಕ್ಷೆ ಬರೆಯಲು ಇರುವುದು ಒಂದೇ ಅವಕಾಶ, ಐದನೆಯ ತರಗತಿಯಲ್ಲಿ ಇರುವಾಗ. ಮರುವರ್ಷ ನಿನಗೆ ಮನಸ್ಸು ಬದಲಾದರೂ ಆ ಮಗುವಿಗೆ ಬಾಗಿಲು ಮುಚ್ಚಿರುತ್ತದೆ. ನಿನ್ನನ್ನು ಬೈಯುತ್ತಿಲ್ಲ. ನೀನು ಹಾಗೆ ಮಾಡುವವಳಲ್ಲ ಎಂದೂ ಗೊತ್ತು. ಆದರೆ ಬರೆದೆಯಲ್ಲ.

ಇನ್ನು ಉಪಾಯ ಕೇಳಿದ್ದೀಯ. ನನ್ನ ಕಾಲದ ಉಪಾಯಗಳು ನಿನ್ನ ಕಾಲಕ್ಕೆ ಎಷ್ಟು ಹೊಂದುತ್ತವೋ. ವರದಿಯಲ್ಲಿ ಆ ಹನ್ನೊಂದನೆಯ ಅಂಶವನ್ನು ಮೊದಲಿಗೆ ತಾ, ನಲ್ಲಿಯನ್ನು ಕೊನೆಗೆ ಹಾಕು. ಉಳಿದಂತೆ ನಾನು ತಿದ್ದಿರುವುದು ಎರಡು ಮೂರು ಒತ್ತಕ್ಷರ ಅಷ್ಟೇ. ಹಾಂ, ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠಕ್ಕೆ ತಾಲ್ಲೂಕಿನವರೆಗೆ ಹೋದ ಹುಡುಗಿಯನ್ನು ‘ಮತ್ತು ಇತರರು’ ಎಂಬಲ್ಲಿ ಸೇರಿಸಿದ್ದೀಯ. ಅವಳು ಎಲ್ಲಿಗೂ ಹೋಗುವವಳಲ್ಲ, ನಿನ್ನ ಬಳಿಯೇ ಇರುವವಳು. ಅವಳ ಹೆಸರನ್ನು ಪೂರ್ತಿ ಬರೆದು ಓದು. ಚಿಕ್ಕ ತರಗತಿಗಳ ನಲಿಕಲಿಯಲ್ಲಿ ಈ ವರ್ಷ ತಡವಾಗಿ ಓದಲು ಕಲಿತ ಆ ಕೂಲಿಯವರ ಹುಡುಗನ ವಿಷಯ ಪತ್ರದಲ್ಲಿ ಎಷ್ಟು ಸಂತೋಷದಿಂದ ಬರೆದಿದ್ದೀಯ, ವರದಿಯಲ್ಲಿ ಅವನ ಸುಳಿವೇ ಇಲ್ಲ. ಅಂಥದನ್ನು ವರದಿಗೆ ಸೇರಿಸುವ ರೂಢಿ ಇಲ್ಲವೆನ್ನುತ್ತೀಯೇನೋ. ನಿನಗೆ ಬಿಟ್ಟದ್ದು.

ಬಹುಮಾನಕ್ಕೆ ಆ ಬಂಗಾರದ ಬಣ್ಣದ ಪ್ಲಾಸ್ಟಿಕ್ ಕಪ್ಪು ತರಬೇಡ. ನವೋದಯದ ಹುಡುಗನಿಗೆ ಒಂದು ತಗಡಿನ ಟ್ರಂಕು ಮತ್ತು ಗಟ್ಟಿ ಬೀಗ ಕೊಡಿಸು, ಹಾಸ್ಟೆಲಿಗೆ ಹೇಗೂ ಬೇಕು, ಅವರ ಮನೆಯವರು ಅದಕ್ಕೇ ಸಾಲ ಮಾಡುವಂತಾಗಬಾರದು. ಅದರ ದುಡ್ಡು ನನ್ನದಿರಲಿ. ದಾನಿಗಳ ಪಟ್ಟಿಯಲ್ಲಿ ನನ್ನ ಹೆಸರು ಓದಿದರೆ ನೋಡು ಮತ್ತೆ. ಅವನ ತಾಯಿಗೆ ಒಂದು ಮಾತು ಈಗಲೇ ಹೇಳಿಬಿಡು. ಒಂಬತ್ತನೆಯ ತರಗತಿಯಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ರಾಜ್ಯದ ನವೋದಯಕ್ಕೆ ಕಳುಹಿಸುತ್ತಾರೆ. ಆಗ ತಿಳಿದರೆ ಟೀಚರ್ ಮುಚ್ಚಿಟ್ಟರು ಎಂದಾಗುತ್ತದೆ.

ಹಿಂದಿನ ವರ್ಷ ಮೊರಾರ್ಜಿಗೆ ಹೋದವರು ಬೇಸಿಗೆ ರಜೆಗೆ ಬಂದಿರುತ್ತಾರೆ. ಅವರಿನ್ನೂ ಊರಲ್ಲಿದ್ದರೆ ಶಾಲೆಯ ಪ್ರಾರಂಭೋತ್ಸವಕ್ಕೆ ಕರೆ, ದಾಖಲಾತಿಗೆ ಮನೆ ಮನೆಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗು. ವ್ಯಾನಿಗೆ ದುಡ್ಡು ಕಟ್ಟುವ ಅಪ್ಪಂದಿರು ನಿನ್ನ ಮಾತು ಕೇಳದಿದ್ದರೂ ಆ ಮಕ್ಕಳ ಮುಖ ನೋಡಿಯಾರು. ನೋಡದೆಯೂ ಇರಬಹುದು. ಇದೇನು ನಿನಗೆ ಹೊಳೆಯದ ಉಪಾಯವೂ ಅಲ್ಲ. ಅಧ್ಯಕ್ಷರಿಗೆ ಏನು ಉತ್ತರ ಕೊಡಬೇಕು ಎಂದರೆ, ಏನೂ ಕೊಡಬೇಡ. ಟ್ರಂಕನ್ನು ಅವರ ಕೈಯಿಂದಲೇ ಕೊಡಿಸು.

ಸಮಾರಂಭದ ದಿನ ಬರಲು ಆಸೆ ಇದೆ, ಬಸ್ಸಿನ ಮೆಟ್ಟಿಲು ಎತ್ತರ, ದೊಡ್ಡಪ್ಪನನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ. ಫೋಟೋ ಕಳುಹಿಸು, ಎಲ್ಲರೂ ಸಾಲಾಗಿ ನಿಂತದ್ದು ಬೇಡ, ಓಡಾಡುತ್ತಿರುವಾಗ ತೆಗೆದದ್ದು ಕಳುಹಿಸು. ತಿದ್ದಿದ ಕರಡನ್ನು ಇದರ ಜೊತೆಗೇ ಇಟ್ಟಿದ್ದೇನೆ.

ಮುಂದಿನ ಪತ್ರದಲ್ಲಿ ಬೇರೆಲ್ಲದಕ್ಕಿಂತ ಮೊದಲು ಒಂದು ವಿಷಯ ಬರೆ. ಜೂನ್‌ನಲ್ಲಿ ಐದನೆಯ ತರಗತಿಗೆ ಬರುವ ಮಕ್ಕಳು ಎಷ್ಟು ಜನ, ಅವರಲ್ಲಿ ಯಾರು ಯಾರ ಅರ್ಜಿ ತುಂಬಿಸುತ್ತೀಯ?

ಇಂತು ನಿನ್ನ
ದೊಡ್ಡಮ್ಮ