ರಾತ್ರಿ ಕಳಚಿಡಬಹುದಾದ ವೇಷ: ಶಾಲಾ ನಾಟಕದ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ಹೋದ ವಾರ ಒಬ್ಬ ತಾಯಿ ಫೋನ್ ಮಾಡಿದರು. "ಮಗ ಮೂರು ದಿನದಿಂದ ರಾತ್ರಿ ಊಟ ಮಾಡ್ತಿಲ್ಲ. ಕೇಳಿದ್ರೆ ಮಂತ್ರಿ ಸಣ್ಣಗಿರಬೇಕು ಅಂತಾನೆ. ಇದನ್ನ ನೀವೇ ಹೇಳಿದ್ದಾ?" ಅಂದರು. ನಾವು ಹೇಳಿರಲಿಲ್ಲ. ಹಾಗಂತ ಬೇಡ ಅಂತಲೂ ಹೇಳಿರಲಿಲ್ಲ. ಅದು ನಮ್ಮ ತಪ್ಪು. ಆ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಬೇರೆ ಮನೆಗಳಲ್ಲೂ ಇಂಥದ್ದು ನಡೆಯುತ್ತಿರಬಹುದು ಅನ್ನಿಸಿತು.

ಮುಂದಿನ ತಿಂಗಳ ನಾಟಕದಲ್ಲಿ ಆ ಹುಡುಗನದು ದುಷ್ಟ ಮಂತ್ರಿಯ ಪಾತ್ರ. ಅವನಿಗೆ 14 ವರ್ಷ, ಮಂತ್ರಿಗೆ 60. ಜೊತೆಗೆ ಇಬ್ಬರು ಬಂಟರು, ಒಬ್ಬಳು ಗೂಢಚಾರಿಣಿ. ನಾಲ್ವರಿಗೂ ಸ್ವರ್ಗಕ್ಕೆ ಮೂರೇ ಗೇಣು. ನಾಯಕನ ಪಾತ್ರ ಬೇಡ ಅಂತ ಹಟ ಮಾಡಿ ವಿಲನ್ ಆದವರು ಇವರು. ನನಗೇನೂ ಆಶ್ಚರ್ಯ ಆಗಲಿಲ್ಲ. ನಾಯಕ ನೆಟ್ಟಗೆ ನಿಂತು ಒಳ್ಳೆ ಮಾತು ಆಡಿದರೆ ಮುಗಿಯಿತು. ವಿಲನ್‌ಗಾದರೆ ಮುಖ, ದನಿ, ನಡಿಗೆ ಎಲ್ಲವನ್ನೂ ಬದಲಾಯಿಸುವ ಸಡಗರ.

ಈ ಸಡಗರಕ್ಕೆ ನಾವು ಒಂದೇ ಒಂದು ನಿಯಮ ಇಟ್ಟಿದ್ದೇವೆ. ರಾತ್ರಿ ಮಲಗುವ ಹೊತ್ತಿಗೆ ಕಳಚಿಡಲು ಆಗದ ಯಾವುದನ್ನೂ ಮಕ್ಕಳು ಮೈಮೇಲೆ ಹೊರುವಂತಿಲ್ಲ.

ತೂಕ ಇಳಿಸುವುದು ಹಾಗೆ ಕಳಚಿಡುವ ವಸ್ತುವಲ್ಲ. ಸಿನಿಮಾ ನಟರು ಪಾತ್ರಕ್ಕಾಗಿ ಸೊರಗಿದ ಕತೆಗಳನ್ನು ಮಕ್ಕಳು ಮೊಬೈಲ್‌ನಲ್ಲಿ ನೋಡಿರುತ್ತಾರೆ. ಹಾಲಿವುಡ್ ನಟ ವಾಕೀನ್ ಫೀನಿಕ್ಸ್ 2019ರಲ್ಲಿ ತೆರೆಕಂಡ 'ಜೋಕರ್' ಸಿನಿಮಾದ ಖಳನ ಪಾತ್ರಕ್ಕಾಗಿ ಸುಮಾರು 23 ಕೆಜಿ ಇಳಿಸಿದ್ದು ನಮ್ಮ ಮಂತ್ರಿಗೆ ಬಾಯಿಪಾಠ. ಆ ನಟ ವೈದ್ಯರ ನಿಗಾದಲ್ಲಿ ಅದನ್ನು ಮಾಡಿದ್ದು, ಅಷ್ಟು ತೂಕ ಇಳಿದಾಗ ತಲೆಯೂ ಕೆಡುತ್ತದೆ ಎಂದು ಆಮೇಲೆ ಅವರೇ ಹೇಳಿದ್ದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಸಿನಿಮಾದ ಕ್ಯಾಮೆರಾ ಮೂಗಿನ ಹತ್ತಿರ ಬರುತ್ತದೆ. ನಾಟಕ ನೋಡುವವರು ಅಷ್ಟು ಹತ್ತಿರ ಬರುವುದಿಲ್ಲ. ಈ ದೂರವೇ ನಮಗೆ ವರ.

ದೂರದಿಂದ ನೋಡುವವರಿಗೆ ಬಣ್ಣವೇ ಸಾಕು ಎಂದು ಮಕ್ಕಳಿಗೆ ಬಾಯಲ್ಲಿ ಹೇಳಿದರೆ ನಂಬುವುದಿಲ್ಲ ಅಂತ ನಾನೇ ಸ್ಟೂಲ್ ಮೇಲೆ ಕೂತೆ. ನಾಟಕದ ಶಿಕ್ಷಕಿ ನನ್ನ ಮುಖದ ಅರ್ಧಕ್ಕೆ ಮಾತ್ರ ಬಣ್ಣ ಹಚ್ಚಿದರು. ಕೆನ್ನೆಯ ಮೂಳೆಯ ಕೆಳಗೆ ಬೂದು ಬೆರೆತ ಕಂದು. ಅದರ ಮೇಲಂಚಿಗೆ ಚರ್ಮಕ್ಕಿಂತ ಒಂದು ಚೂರು ತಿಳಿ ಬಣ್ಣ. ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಒಂದು ಗೆರೆ, ಬೆರಳಲ್ಲಿ ಒಂದೇ ಕಡೆಗೆ ಉಜ್ಜಿದ್ದು. ಹುಬ್ಬಿನ ಒಳತುದಿಯನ್ನು ಮೂಗಿನ ಕಡೆ ಇಳಿಸಿ, ಹೊರತುದಿಯನ್ನು ಮೇಲಕ್ಕೆ ಎಳೆದರು. ಹತ್ತಿರದಿಂದ ನೋಡಿದರೆ ಕೆಸರು ಮೆತ್ತಿದ ಹಾಗೆ ಇತ್ತು. ಹತ್ತನೇ ಸಾಲಿಗೆ ಹೋಗಿ ನೋಡಿದ ಮಕ್ಕಳು ಗಪ್‌ಚುಪ್. ಒಂದು ಕಡೆ ನಾನು, ಇನ್ನೊಂದು ಕಡೆ ತಿಂಗಳಿಂದ ಉಪವಾಸ ಬಿದ್ದ ಮುದುಕ. ಆಮೇಲೆ ದೀಪವನ್ನು ಕೆಳಗಿನಿಂದ ಹಾಕಿದೆವು. ಮುಖದ ನೆರಳುಗಳೆಲ್ಲ ತಲೆಕೆಳಗಾಗಿ, ಬಣ್ಣ ಇಲ್ಲದ ಅರ್ಧವೂ ಖಳನಂತೆ ಕಂಡಿತು. ಮಂತ್ರಿ ಅಂದು ರಾತ್ರಿ ಊಟ ಮಾಡಿದ ಅಂತ ಅವನ ತಾಯಿ ತಿಳಿಸಿದರು.

(ಆ ಹುಬ್ಬು ಒರೆಸಲು ಮರೆತು ನಾನು ಸೀದಾ ಸಿಬ್ಬಂದಿ ಸಭೆಗೆ ಹೋದೆ. ಆ ದಿನ ಯಾರೂ ರಜೆ ಕೇಳಲಿಲ್ಲ.)

ಇನ್ನು ಅಂಟಿನ ವಿಷಯ. ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ, ಪ್ರದರ್ಶನದ ದಿನವೇ, ಪರೀಕ್ಷೆ ಮಾಡದೆ ಒಬ್ಬ ಹುಡುಗನಿಗೆ ಗಡ್ಡ ಅಂಟಿಸಲು ಹೇಳಿದವನು ನಾನು. ಸಮಯ ಇರಲಿಲ್ಲ ಅನ್ನುವುದೇ ನೆಪ. ಮರುದಿನ ಬೆಳಿಗ್ಗೆ ಅವನ ಗಲ್ಲ ಕೆಂಪಾಗಿ ಊದಿಕೊಂಡಿತ್ತು. ಒಂದು ವಾರ ಶಾಲೆಗೆ ಬರಲಿಲ್ಲ. ಗಡ್ಡ ಮೀಸೆ ಅಂಟಿಸುವ ಸ್ಪಿರಿಟ್ ಗಮ್ ಅಂದರೆ ಮರದ ರಾಳವನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿದ್ದು. ಕೆಲವರ ಚರ್ಮಕ್ಕೆ ರಾಳ ಆಗುವುದಿಲ್ಲ. ಸುಕ್ಕು, ಗಾಯ ಮಾಡಲು ಬಳಸುವ ಲೇಟೆಕ್ಸ್‌ನಲ್ಲಿ ನೈಸರ್ಗಿಕ ರಬ್ಬರ್ ಇರುತ್ತದೆ. ಕೆಲವರಿಗೆ ಅದರ ಅಲರ್ಜಿ ಜೋರಾಗಿಯೇ ಇರಬಹುದು. ಅದಕ್ಕೆ ಲೇಟೆಕ್ಸನ್ನು ಈ ಸಲ ಪೂರ್ತಿ ಕೈಬಿಟ್ಟಿದ್ದೇವೆ. ಉಳಿದ ಬಣ್ಣ, ಅಂಟುಗಳನ್ನು ಪ್ರತಿ ಮಗುವಿನ ಮುಂಗೈ ಒಳಭಾಗಕ್ಕೆ ಒಂದು ನಾಣ್ಯದಷ್ಟು ಹಚ್ಚಿ ಎರಡು ದಿನ ಕಾಯುತ್ತೇವೆ. ಅಲರ್ಜಿ ಕೂಡಲೇ ಕಾಣಬೇಕು ಅಂತೇನಿಲ್ಲ, ಒಂದೆರಡು ದಿನ ಬಿಟ್ಟೂ ಏಳಬಹುದು. ತುರಿಕೆ, ಉರಿ, ಕೆಂಪು ಕಂಡರೆ ತೊಳೆದು ನಮಗೆ ತಿಳಿಸಿ. ಪರೀಕ್ಷೆ ಆಗದ ಮಗುವಿಗೆ ಗಡ್ಡ ಇಲ್ಲ. ಮಂತ್ರಿ ಬೋಳು ಗಲ್ಲದಲ್ಲೇ ಬರಲಿ.

ಮನೆಯಲ್ಲಿ ಮಕ್ಕಳು ತಾವೇ ಪ್ರಯೋಗ ಮಾಡದಂತೆ ನೋಡಿಕೊಳ್ಳಿ. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಖಂಡಿತ ಬೇಡ. ಅಳತೆ ನೋಡದೆ, ಶುದ್ಧ ಮಾಡದೆ ಹಾಕಿಕೊಂಡರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ಸೋಂಕು ತಗುಲಿ ದೃಷ್ಟಿಯೇ ಹೋಗಬಹುದು. ಕಪ್ಪು ಮೆಹಂದಿಯ ಹಚ್ಚೆಯೂ ಬೇಡ. ಬೇಗ ಕಪ್ಪಾಗಲಿ ಅಂತ ಅದಕ್ಕೆ ತಲೆಕೂದಲಿನ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಗುಳ್ಳೆ ಎದ್ದು ಕಲೆ ಉಳಿಯಬಹುದು. ಕಣ್ಣಿನ ಪೆನ್ಸಿಲ್ ಒಬ್ಬರದನ್ನು ಇನ್ನೊಬ್ಬರು ಬಳಸುವುದೂ ಬೇಡ. ನಾಟಕದ ಬಣ್ಣಕ್ಕೆ ಒಳ್ಳೆ ಚರಿತ್ರೆಯೇನೂ ಇಲ್ಲ ಬಿಡಿ. ಒಂದು ಕಾಲದಲ್ಲಿ ನಟರು ಮುಖಕ್ಕೆ ಬಳಿಯುತ್ತಿದ್ದ ಬಿಳಿ ಬಣ್ಣದಲ್ಲಿ ಸೀಸ ಇರುತ್ತಿತ್ತು. ಅದು ಮೈಗೆ ನಿಧಾನವಾಗಿ ಏರುವ ವಿಷ.

ದನಿಯ ಬಗ್ಗೆ ಒಂದೆರಡು ಮಾತು. ವಿಲನ್ ಅಂದರೆ ಗಂಟಲು ಕೆರೆದು ಗುರುಗುಟ್ಟಬೇಕು ಅಂತ ಮಕ್ಕಳ ಲೆಕ್ಕ. ಈ ವಯಸ್ಸಿನ ಹುಡುಗರಿಗೆ ಮೊದಲೇ ದನಿ ಒಡೆಯುತ್ತಿರುತ್ತದೆ, ಅದರ ಮೇಲೆ ಈ ಕಾಟ. ನಮ್ಮ ಮಂತ್ರಿ ಈಗ ಗುರುಗುಟ್ಟುವುದಿಲ್ಲ. ನಿಧಾನವಾಗಿ ಮಾತಾಡುತ್ತಾನೆ. ಮಾತಿನ ಮಧ್ಯೆ ನಿಲ್ಲಿಸಿ ಎದುರಿಗಿರುವವನನ್ನು ಸುಮ್ನೆ ನೋಡುತ್ತಾನೆ. ಕಿರುಚಾಟಕ್ಕಿಂತ ಅದೇ ಜಾಸ್ತಿ ಭಯ. ಮನೆಯಲ್ಲಿ ಗುರುಗುಟ್ಟುವ ತಾಲೀಮು ಶುರುವಾದರೆ ನಿಲ್ಲಿಸಿ, ನೀರು ಕುಡಿಸಿ. ಗಂಟಲು ಕಟ್ಟಿದ್ದರೆ ಪಿಸುಗುಟ್ಟಿದರೂ ಆಯಾಸವೇ, ಸ್ವಲ್ಪ ಹೊತ್ತು ಮಾತೇ ಬೇಡ. ಎರಡು ವಾರವಾದರೂ ದನಿ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಈಗ ಸ್ವಲ್ಪ ಕಷ್ಟದ ವಿಷಯ. ಮೊದಲ ತಾಲೀಮಿನಲ್ಲಿ ಮಂತ್ರಿ ಬೆನ್ನಿಗೆ ದಿಂಬು ಕಟ್ಟಿ ಗೂನು ಮಾಡಿಕೊಂಡು, ಕುಂಟುತ್ತಾ ಬಂದ. ಬಂಟರಲ್ಲೊಬ್ಬ ಮುಖಕ್ಕೆ ಕಪ್ಪು ಬಳಿದುಕೊಂಡಿದ್ದ. ಇನ್ನೊಬ್ಬ ಕೆನ್ನೆಗೆ ಸುಟ್ಟ ಕಲೆ ಬರೆದುಕೊಂಡಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ. ಕೆಟ್ಟವನು ಹೀಗೇ ಇರುತ್ತಾನೆ ಅಂತ ಅವರಿಗೆ ಎಲ್ಲಿಂದಲೋ ಗೊತ್ತಿತ್ತು. ಎಲ್ಲಿಂದ ಅಂತ ನಮಗೂ ಗೊತ್ತು, ಅಲ್ವಾ? ನಾವೂ ಅಂಥವನ್ನೇ ನೋಡಿ ಬೆಳೆದವರು.

ಇಂಗ್ಲೆಂಡಿನ ಮೂರನೇ ರಿಚರ್ಡ್ ದೊರೆಯ ಕತೆ ಮಕ್ಕಳಿಗೆ ಹೇಳಿದೆ. ಶೇಕ್ಸ್‌ಪಿಯರ್ ನಾಟಕದಲ್ಲಿ ಅವನು ಗೂನುಬೆನ್ನಿನವನು, ಒಣಗಿದ ಕೈಯವನು. ನೂರಾರು ವರ್ಷ ನಟರು ಅವನನ್ನು ಹಾಗೇ ಆಡಿದರು. 2012ರಲ್ಲಿ ಲೆಸ್ಟರ್ ನಗರದ ಒಂದು ಕಾರ್ ಪಾರ್ಕಿಂಗ್ ಜಾಗ ಅಗೆದಾಗ ಅವನ ಅಸ್ಥಿಪಂಜರ ಸಿಕ್ಕಿತು. ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದು ನಿಜ. ಆದರೆ ಕೈ ಒಣಗಿರಲಿಲ್ಲ. ಕುಂಟುತ್ತಿದ್ದ ಅನ್ನಲು ಕಾಲಿನ ಮೂಳೆಗಳಲ್ಲಿ ಗುರುತೂ ಇರಲಿಲ್ಲ. ಸರಿಯಾಗಿ ಹೊಲಿದ ಬಟ್ಟೆ ಹಾಕಿದರೆ ಬೆನ್ನು ಬಾಗಿರುವುದೂ ಅಷ್ಟಾಗಿ ಕಾಣುತ್ತಿರಲಿಲ್ಲ ಎಂದು ಮೂಳೆ ನೋಡಿದ ತಜ್ಞರು ಹೇಳಿದರು.

ತಾಲೀಮು ಮುಗಿದ ಮೇಲೆ ನಮ್ಮ ಮಂತ್ರಿ ದಿಂಬು ಬಿಚ್ಚಿಟ್ಟು ಮನೆಗೆ ಓಡುತ್ತಾನೆ. ನಾಟಕ ನೋಡಲು ಕೂತವರಲ್ಲಿ ತಮ್ಮ ಕುಂಟು ಕಾಲನ್ನು, ಸುಟ್ಟ ಕಲೆಯನ್ನು, ಮೈಬಣ್ಣವನ್ನು ರಾತ್ರಿ ಬಿಚ್ಚಿಡಲು ಆಗದ ಮಕ್ಕಳೂ ಇರುತ್ತಾರೆ. ಇಷ್ಟು ಹೇಳಿ ಸುಮ್ಮನಾದೆ. ಬಂಟ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ.

ಹಾಗಾದರೆ ಮಂತ್ರಿ ಹೇಗೆ ನಡೆಯಬೇಕು? ಇದಕ್ಕೆ ಎರಡು ತಾಲೀಮು ಹಿಡಿಯಿತು. ಕೊನೆಗೆ ದಾರಿ ಕಂಡುಹಿಡಿದವನು ಅವನೇ. ಮಂತ್ರಿಯ ಸೊಂಟದಲ್ಲಿ ಕೋಟೆಯ ಬೀಗದಕೈ ಗೊಂಚಲು ಇದೆ. ಅದು ಸದ್ದು ಮಾಡಬಾರದು ಅಂತ ಯಾವಾಗಲೂ ಒಂದು ಕೈಯಲ್ಲಿ ಒತ್ತಿ ಹಿಡಿದಿರುತ್ತಾನೆ. ಅಷ್ಟೇ. ಆ ಕೈಯಿಂದಾಗಿ ಹೆಗಲು ತುಸು ಮುಂದೆ ಬಂತು, ಹೆಜ್ಜೆ ಚಿಕ್ಕದಾಯಿತು, ಕುತ್ತಿಗೆ ತಿರುಗದೆ ಕಣ್ಣು ಮಾತ್ರ ತಿರುಗತೊಡಗಿತು. ಅವನೇನನ್ನು ಕಳೆದುಕೊಳ್ಳಲು ಹೆದರುತ್ತಾನೆ ಅನ್ನುವುದು ಇಡೀ ಮೈಯಲ್ಲಿ ಕಂಡಿತು. ನಾನು ನೋಡಿದ ಶಾಲಾ ವಿಲನ್‌ಗಳಲ್ಲಿ ಇವನೇ ಗಟ್ಟಿ, ಹೇಳಿಬಿಡುತ್ತೇನೆ.

ಪ್ರತಿ ತಾಲೀಮಿನ ಕೊನೆಯ ಹತ್ತು ನಿಮಿಷ ವೇಷ ಕಳಚಲು ಮೀಸಲು. ಗೊಂಚಲು ಮೊಳೆಗೆ ನೇತುಹಾಕಬೇಕು, ಬಣ್ಣ ತೆಗೆಯಬೇಕು, ತಮ್ಮ ನಿಜವಾದ ಹೆಸರು ಹೇಳಿ ನಾಳೆಯ ಹೋಂವರ್ಕ್ ಏನು ಅಂತ ಹೇಳಬೇಕು. ಹೋಂವರ್ಕ್ ಶುರುವಾದ ಕೂಡಲೇ ಮಂತ್ರಿಗಿರಿ ತಾನಾಗೇ ಇಳಿಯುತ್ತದೆ. ಮನೆಯಲ್ಲಿ ಒಂದೆರಡು ಡೈಲಾಗ್ ಹೊಡೆದರೆ ನಕ್ಕುಬಿಡಿ. ತಮ್ಮ ತಂಗಿಯರನ್ನು ಹೆದರಿಸಲು ಬಳಸಿದರೆ ಹೆಸರು ಹಿಡಿದು ಕರೆದು ನಿಲ್ಲಿಸಿ. ತರಗತಿಯಲ್ಲಿ ಇವರನ್ನು ಪಾತ್ರದ ಹೆಸರಿಂದ ಕರೆದು ಕಾಡಿಸುವುದೂ ನಡೆಯುತ್ತದೆ, ಅದನ್ನು ನಾವು ನೋಡಿಕೊಳ್ಳುತ್ತೇವೆ.

ಜೊತೆಗಿರುವ ಚೀಟಿಯಲ್ಲಿ ಮಗುವಿನ ಅಲರ್ಜಿ, ಉಬ್ಬಸ, ಚರ್ಮದ ತೊಂದರೆ ಏನಿದ್ದರೂ ಬರೆದು ಸೋಮವಾರದೊಳಗೆ ಕಳಿಸಿ. ಚಿಕ್ಕದು ಅಂತ ಬಿಡಬೇಡಿ. ತಾಲೀಮಿಗೆ ಮುಂದೆ ಗುಂಡಿ ಇರುವ ಹಳೆಯ ಅಂಗಿ ಹಾಕಿ ಕಳಿಸಿ. ತಲೆಯ ಮೇಲಿಂದ ಎಳೆಯುವ ಟೀ ಶರ್ಟ್ ಆದರೆ ಮಂತ್ರಿಯ ಹುಬ್ಬೆರಡೂ ಅದಕ್ಕೇ ಮೆತ್ತಿಕೊಂಡು ನಿಮ್ಮ ಮನೆಗೆ ಬರುತ್ತವೆ.

ಇಂತಿ,
ನಿಮ್ಮ ಮುಖ್ಯೋಪಾಧ್ಯಾಯ